ವೇಗ ಕೈಕಾಲಿಗೆ, ಹೊರೆ ಕೀಲಿಗೆ

ಬಲಗಡೆಯ ಸೊಂಟದ ಕೀಲು ನೋಯುತ್ತಿದ್ದರೆ ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಥಟ್ಟನೆ ಬಾಯಿಗೆ ಬರುವ ಉತ್ತರ ಬಲಗೈ. ನೋವಿರುವ ಕಡೆಗೇ ಅಲ್ಲವೇ ಆಸರೆ ಬೇಕಾದದ್ದು? ಆದರೆ ಮೂಳೆ ವೈದ್ಯರೂ ಫಿಸಿಯೋಥೆರಪಿಸ್ಟರೂ ಹೇಳುವುದು ಎಡಗೈ ಎಂದು. ಇನ್ನೂ ಸೋಜಿಗದ ಸಂಗತಿಯಿದೆ. ಅದೇ ವ್ಯಕ್ತಿ ಮಾರುಕಟ್ಟೆಯಿಂದ ತರಕಾರಿ ಚೀಲ ತರುವುದಾದರೆ ಅದನ್ನು ಬಲಗೈಯಲ್ಲಿ, ಅಂದರೆ ನೋವಿರುವ ಕಡೆಯೇ ಹಿಡಿಯುವುದು ಮೇಲು. ಆಸರೆ ಆ ಕಡೆ, ಹೊರೆ ಈ ಕಡೆ! ತಲೆಕೆಳಗಾದಂತೆ ಕಾಣುವ ಈ ಎರಡು ಮಾತಿನ ಹಿಂದಿನ ಕಾರಣವನ್ನು ಔಷಧಿ ಅಂಗಡಿಯಲ್ಲಿ ಹುಡುಕಬೇಕಿಲ್ಲ. ಅದು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಸನ್ನೆಕೋಲಿನ ಪಾಠದಲ್ಲೇ ಇದೆ.

ಹೊಲದಲ್ಲಿ ಹೂತ ಬಂಡೆಯನ್ನು ಎಬ್ಬಿಸುವವರು ಹಾರೆಯ ಮೊನೆಯನ್ನು ಬಂಡೆಯ ಅಡಿಗೆ ತೂರಿಸಿ, ಅದರ ಹತ್ತಿರ ಒಂದು ಕಲ್ಲನ್ನು ಒತ್ತು ಕೊಟ್ಟು, ದೂರದ ತುದಿಯನ್ನು ಕೆಳಕ್ಕೆ ಅದುಮುತ್ತಾರೆ. ಒತ್ತುಗಲ್ಲಿನಿಂದ ಬಂಡೆಗಿರುವ ದೂರಕ್ಕಿಂತ ಕೈಗಿರುವ ದೂರ ಹತ್ತು ಪಟ್ಟು ಹೆಚ್ಚಿದ್ದರೆ ಹತ್ತನೇ ಒಂದು ಪಾಲು ಬಲ ಸಾಕು. ಆದರೆ ಕೈ ಹತ್ತು ಗೇಣು ಇಳಿದಾಗ ಬಂಡೆ ಏಳುವುದು ಒಂದೇ ಗೇಣು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಲೇಬೇಕು, ದೂರದಲ್ಲಿ ಗಳಿಸಿದ್ದಕ್ಕೆ ಬಲದಲ್ಲಿ ತೆರಲೇಬೇಕು. ಎರಡನ್ನೂ ಒಟ್ಟಿಗೆ ಕೊಡುವ ಸನ್ನೆಕೋಲನ್ನು ಯಾರೂ ಮಾಡಿಲ್ಲ, ಮಾಡಲೂ ಆಗದು. ನಮ್ಮ ಕೈಕಾಲುಗಳಲ್ಲಿರುವುದೂ ಇಂಥ ಹಾರೆಗಳೇ. ಆದರೆ ಬಹುಪಾಲು ಕಡೆ ಅವು ತಿರುವುಮುರುವು.

ಮೊಣಕೈಯನ್ನೇ ನೋಡಿ. ತೋಳನ್ನು ಮೈಗೆ ತಾಗಿಸಿ, ಮುಂಗೈಯನ್ನು ನೆಲಕ್ಕೆ ಸಮಾಂತರವಾಗಿ ಚಾಚಿ, ಅಂಗೈಯಲ್ಲಿ 5 ಕಿಲೋ ಅಕ್ಕಿಯ ಚೀಲ ಇಟ್ಟುಕೊಂಡಿದ್ದೀರಿ ಎನ್ನೋಣ. ಇಲ್ಲಿ ಒತ್ತುಗಲ್ಲು ಎಂದರೆ ಮೊಣಕೈ ಕೀಲು. ಅಲ್ಲಿಂದ ಅಂಗೈ ಸುಮಾರು 35 ಸೆಂಟಿಮೀಟರ್ ದೂರ. ಮುಂಗೈಯನ್ನು ಮೇಲಕ್ಕೆ ಎಳೆಯುವ ಬೈಸೆಪ್ಸ್ ಸ್ನಾಯು ಮೂಳೆಗೆ ಅಂಟಿಕೊಂಡಿರುವುದು ಕೀಲಿನಿಂದ ಸುಮಾರು 4 ಸೆಂಟಿಮೀಟರ್‌ನಲ್ಲಿ. ಬಲವನ್ನೂ ದೂರವನ್ನೂ ಗುಣಿಸಿದರೆ ಬರುವ ತಿರುಗುಬಲ ಎರಡೂ ಕಡೆ ಸಮವಾಗಿದ್ದರೆ ಮಾತ್ರ ಕೈ ಅಲುಗದೆ ನಿಲ್ಲುತ್ತದೆ. ಚೀಲದ ಕಡೆಯಿಂದ 5 × 35, ಅಂದರೆ 175. ಮುಂಗೈಯ ಸ್ವಂತ ತೂಕ ಸುಮಾರು ಒಂದೂವರೆ ಕಿಲೋ, ಅದರ ಪಾಲು ಇಪ್ಪತ್ತೆರಡರಷ್ಟು. ಒಟ್ಟು 197. ಇದನ್ನು 4ರಿಂದ ಭಾಗಿಸಿದರೆ ಬರುವುದು ಹತ್ತಿರ ಹತ್ತಿರ 50. ಐದು ಕಿಲೋ ಹಿಡಿಯಲು ಸ್ನಾಯುಗಳು 50 ಕಿಲೋ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಆ ಎಳೆತ ಮುಂಗೈಯ ಮೂಳೆಗಳನ್ನು ತೋಳಿನ ಮೂಳೆಗೆ ಒತ್ತುವುದರಿಂದ ಕೀಲಿನ ಮೇಲೆ ಬೀಳುವ ಅದುಮು ಕೂಡ 40 ಕಿಲೋ ದಾಟುತ್ತದೆ.

ಈ ಲೆಕ್ಕವನ್ನು ಮೊದಲು ಮಾಡಿದವನು ಇಟಲಿಯ ಜಿಯೋವನ್ನಿ ಅಲ್ಫೋನ್ಸೋ ಬೊರೆಲ್ಲಿ. 1608ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿ, ಮೆಸ್ಸೀನಾ ಮತ್ತು ಪೀಸಾಗಳಲ್ಲಿ ಗಣಿತ ಕಲಿಸಿದವನು. ಪೀಸಾದಲ್ಲಿ ಅಂಗರಚನಾ ಶಾಸ್ತ್ರಜ್ಞ ಮಾರ್ಸೆಲ್ಲೋ ಮಾಲ್ಪೀಗಿಯ ಒಡನಾಟ ಅವನ ಗಣಿತಕ್ಕೆ ಮೂಳೆ ಮಾಂಸ ತುಂಬಿತು. ಒಂದು ಹಲಗೆಯನ್ನು ಚೂಪು ಅಂಚಿನ ಮೇಲೆ ತೂಗಿಸಿಟ್ಟು, ಮನುಷ್ಯನನ್ನು ಅದರ ಮೇಲೆ ಮಲಗಿಸಿ, ದೇಹದ ಗುರುತ್ವ ಕೇಂದ್ರ ಎಲ್ಲಿದೆ ಎಂದು ಅವನು ಹುಡುಕಿದ. ಸ್ನಾಯುಗಳ ಬಗ್ಗೆ ಅಲ್ಲಿಯವರೆಗಿದ್ದ ನಂಬಿಕೆ ಹೀಗಿತ್ತು: ಪ್ರಕೃತಿ ಜಾಣೆ, ಆದ್ದರಿಂದ ಸಣ್ಣ ಬಲದಿಂದ ದೊಡ್ಡ ಭಾರ ಎತ್ತುವ ಹಾಗೆ ಸ್ನಾಯುಗಳನ್ನು ಜೋಡಿಸಿದ್ದಾಳೆ. ಬೊರೆಲ್ಲಿಯ ಲೆಕ್ಕ ಇದನ್ನು ಬುಡಮೇಲು ಮಾಡಿತು. ಸಣ್ಣ ಭಾರ ಎತ್ತಲೂ ಸ್ನಾಯುಗಳು ದೊಡ್ಡ ಬಲ ಹಾಕುತ್ತವೆ ಎಂದು ಅವನು ಒಂದೊಂದೇ ಕೀಲನ್ನು ಹಿಡಿದು ತೋರಿಸಿದ. ಕೊನೆಗಾಲವನ್ನು ರೋಮ್‌ನಲ್ಲಿ ಬಡತನದಲ್ಲಿ ಕಳೆದ ಅವನಿಗೆ ನೆರವಾದದ್ದು ಸಿಂಹಾಸನ ತೊರೆದು ಅಲ್ಲಿಗೆ ಬಂದಿದ್ದ ಸ್ವೀಡನ್ನಿನ ರಾಣಿ ಕ್ರಿಸ್ಟಿನಾ. ‘ಪ್ರಾಣಿಗಳ ಚಲನೆ’ ಕುರಿತ ಅವನ ಗ್ರಂಥ ಅಚ್ಚಾಗುವ ಹೊತ್ತಿಗೆ ಅವನಿರಲಿಲ್ಲ. 1679ರ ಕೊನೆಯ ದಿನ ಅವನು ತೀರಿಕೊಂಡ, ಪುಸ್ತಕ 1680 ಮತ್ತು 1681ರಲ್ಲಿ ಎರಡು ಭಾಗಗಳಾಗಿ ಹೊರಬಂತು. ಸ್ನಾಯು ಕುಗ್ಗುವುದು ಅದರೊಳಗೆ ಏನೋ ಹುದುಗಿ ಉಬ್ಬುವುದರಿಂದ ಎಂಬ ಅವನ ಊಹೆ ಬಿದ್ದುಹೋಗಿದೆ. ಸನ್ನೆಕೋಲಿನ ಲೆಕ್ಕ ಮಾತ್ರ ಇಂದಿಗೂ ನಿಂತಿದೆ. ಬಯೋಮೆಕ್ಯಾನಿಕ್ಸ್ ಎಂದು ಈಗ ನಾವು ಕರೆಯುವ ಶಾಸ್ತ್ರದ ಬುನಾದಿ ಅದೇ.

ಇಷ್ಟು ನಷ್ಟದ ಏರ್ಪಾಡು ಏಕೆ? ಉತ್ತರ ಅದೇ ಲೆಕ್ಕದ ಇನ್ನೊಂದು ಮಗ್ಗುಲಲ್ಲಿದೆ. ಮೊಣಕೈಯಲ್ಲಿ ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಸುಮಾರು ಒಂಬತ್ತು ಸೆಂಟಿಮೀಟರ್ ಸರಿಯುತ್ತದೆ, ಅದೂ ಅಷ್ಟೇ ಹೊತ್ತಿನಲ್ಲಿ. ಅಂದರೆ ಒಂಬತ್ತು ಪಟ್ಟು ವೇಗ. ಸ್ನಾಯುವಿನ ಸ್ವಭಾವಕ್ಕೆ ಹೊಂದುವುದೂ ಇದೇ. ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ, ಸ್ನಾಯು ಎಷ್ಟು ಬೇಗ ಕುಗ್ಗಬೇಕಾಗುತ್ತದೋ ಅದು ಕೊಡಬಲ್ಲ ಬಲ ಅಷ್ಟು ಕಡಿಮೆಯಾಗುತ್ತದೆ ಎಂದು ಅಳೆದು ತೋರಿಸಿದ. ನಿಧಾನವಾಗಿ, ಸ್ವಲ್ಪವೇ ಕುಗ್ಗುತ್ತಾ ಭಾರಿ ಬಲ ಹಾಕುವುದು ಸ್ನಾಯುವಿನ ಹದ. ಕೀಲಿನ ಪಕ್ಕದಲ್ಲೇ ಅಂಟಿಕೊಂಡಿದ್ದರೆ ಅದಕ್ಕೆ ಆ ಹದ ಸಿಗುತ್ತದೆ, ಕೈಗೆ ವೇಗವೂ ಸಿಗುತ್ತದೆ. ಒಂದು ವೇಳೆ ಬೈಸೆಪ್ಸ್ ಮಣಿಕಟ್ಟಿನ ಬಳಿ ಅಂಟಿದ್ದರೆ? ಬಲವೇನೋ ಸಿಗುತ್ತಿತ್ತು. ಆದರೆ ಕೈ ಮಡಿಸಿದಾಗಲೆಲ್ಲ ಭುಜದಿಂದ ಮಣಿಕಟ್ಟಿನವರೆಗೆ ಮಾಂಸದ ಪರದೆಯೊಂದು ಬಿಗಿಯುತ್ತಿತ್ತು, ಕಲ್ಲೆಸೆಯುವುದು ಒತ್ತಟ್ಟಿಗಿರಲಿ, ತುತ್ತು ಬಾಯಿಗೆ ಹೋಗುವುದೂ ತಡವಾಗುತ್ತಿತ್ತು.

ಪ್ರಾಣಿಲೋಕದಲ್ಲಿ ಈ ಹೊಂದಾಣಿಕೆಯ ಎರಡೂ ತುದಿಗಳು ಕಾಣಸಿಗುತ್ತವೆ. ಬಿಲ ತೋಡುವ ಪ್ರಾಣಿಗಳ ಮುಂಗಾಲಿನಲ್ಲಿ ಮೊಣಕೈಯ ಹಿಂದಿನ ಮೂಳೆ ಉದ್ದಕ್ಕೆ ಚಾಚಿಕೊಂಡು ಸ್ನಾಯುವಿಗೆ ದೂರದ ಹಿಡಿತ ಕೊಡುತ್ತದೆ. ಅವಕ್ಕೆ ಬೇಕಾದದ್ದು ಬಲ. ಜಿಂಕೆ, ಕುದುರೆಗಳಂಥ ಓಟಗಾರ ಪ್ರಾಣಿಗಳಲ್ಲಿ ಕಾಲಿನ ಉದ್ದಕ್ಕೆ ಹೋಲಿಸಿದರೆ ಅದೇ ಮೂಳೆ ಗಿಡ್ಡ. ಅವಕ್ಕೆ ಬೇಕಾದದ್ದು ವೇಗ. ನಮ್ಮ ದೇಹದಲ್ಲೂ ಬಲಕ್ಕೆಂದೇ ಉಳಿಸಿಕೊಂಡ ಒಂದು ಜಾಗವಿದೆ. ಗಟ್ಟಿ ಅಡಿಕೆ ಹೋಳನ್ನು ಯಾರೂ ಮುಂದಿನ ಹಲ್ಲಿನಿಂದ ಕಡಿಯುವುದಿಲ್ಲ, ನಾಲಗೆ ತಾನಾಗಿ ಅದನ್ನು ದವಡೆಯ ಹಿಂದಿನ ಹಲ್ಲಿಗೆ ದೂಡುತ್ತದೆ. ದವಡೆಯ ಕೀಲು ಕಿವಿಯ ಮುಂದಿದೆ. ಮುಂದಿನ ಹಲ್ಲು ಅದರಿಂದ ದೂರ, ಹಿಂದಿನ ಹಲ್ಲು ಹತ್ತಿರ. ಅದೇ ಸ್ನಾಯು ಅಷ್ಟೇ ಬಿಗಿದರೂ ಹಿಂದಿನ ಹಲ್ಲಿನಲ್ಲಿ ಕಡಿತದ ಬಲ ಹೆಚ್ಚು. ಪಾಠ ಓದದವರ ಬಾಯಿಗೂ ಈ ಲೆಕ್ಕ ಗೊತ್ತು.

ಈಗ ಸೊಂಟದ ಕೀಲಿಗೆ ಬರೋಣ. ಅರವತ್ತು ಕಿಲೋ ತೂಕದ ಒಬ್ಬರು ಬಲಗಾಲಿನ ಮೇಲೆ ನಿಂತು ಎಡಗಾಲನ್ನು ಎತ್ತಿದ್ದಾರೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಇಂಥದೊಂದು ಗಳಿಗೆ ಬರುತ್ತದೆ. ನೆಲಕ್ಕೆ ಊರಿದ ಕಾಲಿನ ತೂಕ ಸುಮಾರು 10 ಕಿಲೋ ಕಳೆದರೆ ಉಳಿದ 50 ಕಿಲೋ ಬಲಗಡೆಯ ಸೊಂಟದ ಕೀಲಿನ ಮೇಲಿದೆ. ಆದರೆ ಆ ಐವತ್ತರ ಕೇಂದ್ರ ಕೀಲಿನ ನೆತ್ತಿಯ ಮೇಲಿಲ್ಲ, ಸುಮಾರು 10 ಸೆಂಟಿಮೀಟರ್ ಎಡಕ್ಕಿದೆ. ಹೀಗಾಗಿ ಪೆಲ್ವಿಸ್ ಎನ್ನುವ ಸೊಂಟದ ಮೂಳೆಗೂಡು ಎಡಕ್ಕೆ ಕುಸಿಯಲು ನೋಡುತ್ತದೆ. ಅದನ್ನು ತಡೆಯುವುದು ಕೀಲಿನ ಹೊರಮಗ್ಗುಲಿನ ಸ್ನಾಯುಗಳು. ಅವು ಎಳೆಯುವುದು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ದೂರ ಅರ್ಧ, ಆದ್ದರಿಂದ ಬಲ ಎರಡು ಪಟ್ಟು, ಅಂದರೆ 100 ಕಿಲೋ. ಮೇಲಿನ ಭಾರ 50, ಸ್ನಾಯುವಿನ ಎಳೆತ 100, ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ. ದೇಹದ ಪೂರ್ತಿ ತೂಕದ ಎರಡೂವರೆ ಪಟ್ಟು! ಅದರಲ್ಲಿ ಮೂರನೇ ಎರಡು ಪಾಲು ತೂಕದ್ದಲ್ಲ, ತೂಕವನ್ನು ಸರಿದೂಗಿಸುವ ಸ್ನಾಯುವಿನದು. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಜರ್ಮನಿಯ ಮೂಳೆ ಶಸ್ತ್ರವೈದ್ಯ ಫ್ರೀಡ್ರಿಶ್ ಪಾವೆಲ್ಸ್ ಈ ತಕ್ಕಡಿಯ ಲೆಕ್ಕವನ್ನು ವೈದ್ಯರ ಕೈಗೆ ಕೊಟ್ಟ.

ಎಡಗೈಯಲ್ಲಿ ಊರುಗೋಲು ಹಿಡಿದರೆ ಏನಾಗುತ್ತದೆ? ಕೋಲು ಬಲ ಕೀಲಿನಿಂದ ಅರ್ಧ ಮೀಟರಿನಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ. ಆ ದೂರವೇ ಅದರ ಶಕ್ತಿ. ಕೋಲಿನ ಮೇಲೆ 5 ಕಿಲೋದಷ್ಟು ಒತ್ತಿದರೆ ಸಾಕು, ನೆಲ ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತದೆ. 5 × 50 ಎಂದರೆ 250. ದೇಹದ ತೂಕ ಹುಟ್ಟಿಸಿದ್ದ 50 × 10, ಅಂದರೆ 500ರಲ್ಲಿ ಅರ್ಧ ಅಲ್ಲಿಗೆ ವಜಾ. ಸ್ನಾಯು 100ರ ಬದಲು 50 ಕಿಲೋ ಬಲ ಹಾಕಿದರೆ ಆಯಿತು. ಕೀಲಿನ ಮೇಲಿನ ಹೊರೆ 150ರಿಂದ 95ಕ್ಕೆ ಇಳಿಯುತ್ತದೆ. ಕಾಗದದ ಮೇಲಿನ ಈ ಅಂಕಿ ನಿಜವಾದ ನಡಿಗೆಯಲ್ಲಿ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಕೋಲನ್ನು ಎಷ್ಟು ಒತ್ತುತ್ತಾರೆ, ಯಾವ ಕ್ಷಣದಲ್ಲಿ ಒತ್ತುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಆದರೆ ಇಳಿಕೆಯ ದಿಕ್ಕು ಮಾತ್ರ ಖಚಿತ. ಅದೇ ಕೋಲನ್ನು ಬಲಗೈಯಲ್ಲಿ ಹಿಡಿದರೆ ಅದರ ತಳ್ಳು ಮೈಯನ್ನು ಎಡಕ್ಕೇ, ಅಂದರೆ ಕುಸಿಯುತ್ತಿರುವ ಕಡೆಗೇ ಇನ್ನಷ್ಟು ದೂಡುತ್ತದೆ. ಅದನ್ನು ಸರಿದೂಗಿಸಲು ಮೈಯನ್ನೆಲ್ಲ ಬಲಕ್ಕೆ ವಾಲಿಸಿ ಕುಂಟುತ್ತಾ ನಡೆಯಬೇಕಾಗುತ್ತದೆ.

ತರಕಾರಿ ಚೀಲದ ಒಗಟೂ ಈಗ ಬಿಡಿಸಿಕೊಳ್ಳುತ್ತದೆ. ಐದು ಕಿಲೋ ಚೀಲ ಎಡಗೈಯಲ್ಲಿದ್ದರೆ, ಬಲ ಕೀಲಿನಿಂದ ಅದು 40 ಸೆಂಟಿಮೀಟರ್ ದೂರ ತೂಗುತ್ತದೆ. ಸ್ನಾಯು ಹೆಚ್ಚುವರಿಯಾಗಿ 40 ಕಿಲೋ ಎಳೆಯಬೇಕು, ಚೀಲದ 5 ಸೇರಿ ಕೀಲಿಗೆ 45 ಕಿಲೋ ಹೆಚ್ಚು. ಅದೇ ಚೀಲ ಬಲಗೈಯಲ್ಲಿದ್ದರೆ ಅದು ಕೀಲಿನ ಹೊರಬದಿಗೆ ತೂಗಿ ಸ್ನಾಯುವಿನ ಕೆಲಸದಲ್ಲಿ ಒಂದು ಪಾಲನ್ನು ತಾನೇ ಮಾಡಿಬಿಡುತ್ತದೆ. ಕೀಲಿನಿಂದ 20 ಸೆಂಟಿಮೀಟರ್ ಹೊರಗಿದೆ ಎಂದಿಟ್ಟುಕೊಂಡರೆ ಸ್ನಾಯುವಿಗೆ 20 ಕಿಲೋ ಉಳಿತಾಯ. ಚೀಲದ ತೂಕ ಕಳೆದರೂ ಕೀಲಿನ ಮೇಲೆ 15 ಕಿಲೋ ಕಡಿಮೆ. ಭಾರ ಹೊತ್ತು ಕೀಲನ್ನು ಹಗುರ ಮಾಡಿಕೊಳ್ಳುವ ಈ ಚಮತ್ಕಾರ ತಕ್ಕಡಿಯ ಯಾವ ತಟ್ಟೆಯಲ್ಲಿ ಚೀಲ ಬಿತ್ತು ಎಂಬುದಕ್ಕೆ ಸೇರಿದ್ದು. ಹಾಗೆಂದು ಮೂಟೆ ಹೊರಬೇಡಿ, ಚೀಲ ದೊಡ್ಡದಾದಷ್ಟೂ ಬೆನ್ನು ಮತ್ತು ಭುಜದ ಲೆಕ್ಕಗಳು ಬೇರೆ ತೆರೆದುಕೊಳ್ಳುತ್ತವೆ.

ಇದೆಲ್ಲ ಬರೀ ಕಾಗದದ ಲೆಕ್ಕವಲ್ಲ ಎಂದು ಹೇಗೆ ನಂಬುವುದು? ಬರ್ಲಿನ್ನಿನ ಗೇಯೋರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರ ಕೃತಕ ಕೀಲಿನೊಳಗೇ ಬಲ ಅಳೆಯುವ ಸೆನ್ಸರುಗಳನ್ನಿಟ್ಟು, ಅವು ಕಳಿಸುವ ಸಂಕೇತಗಳನ್ನು ಹೊರಗಿನಿಂದ ಓದಿದರು. ಸಾಧಾರಣ ನಡಿಗೆಯಲ್ಲಿ ಸೊಂಟದ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಬಲ ಬೀಳುತ್ತಿತ್ತು. ಅಳತೆಯ ನಡುವೆ ಎಡವಿದವರ ಕೀಲಿನಲ್ಲಿ ಅದು 8 ಪಟ್ಟನ್ನೂ ದಾಟಿತು. ಎಡವಿದಾಗ ಯಾರ ತೂಕವೂ ಹೆಚ್ಚುವುದಿಲ್ಲ. ಬೀಳದಿರಲು ಎಲ್ಲ ಸ್ನಾಯುಗಳೂ ಒಮ್ಮೆಗೇ ಬಿಗಿದುಕೊಳ್ಳುವುದೇ ಆ ಅಂಕಿಗೆ ಕಾರಣ. ಮಂಡಿಯ ಕೀಲಿನಲ್ಲೂ ಇಂಥದೇ ಅಳತೆ ನಡೆದಿದೆ. ಸಮತಟ್ಟಾದ ನೆಲದಲ್ಲಿ ನಡೆದರೆ ದೇಹತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ ಹತ್ತಿರ ಹತ್ತಿರ 3.5 ಪಟ್ಟು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿ ಹೆಚ್ಚು ನೋಯುತ್ತದೆ ಎನ್ನುವ ಹಿರಿಯರ ಮಾತಿಗೆ ಇಲ್ಲಿ ಸಾಕ್ಷಿ ಸಿಗುತ್ತದೆ. ಒಂದು ಕಿಲೋ ಮೈತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯಿಂದ ಎರಡೂವರೆ ಮೂರು ಕಿಲೋ ಇಳಿಯುತ್ತದೆ ಎಂಬುದೂ ಇದೇ ಅಂಕಿಗಳ ಮಾತು. ಮೆಟ್ಟಿಲಿನಲ್ಲಿ ಭಾರವನ್ನು ಎತ್ತುವ ಅಥವಾ ಇಳಿಸುವ ಕೆಲಸ ಯಾವಾಗಲೂ ಮೇಲಿನ ಮೆಟ್ಟಿಲಲ್ಲಿರುವ ಕಾಲಿನದು. ಹಾಗಾಗಿಯೇ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಫಿಸಿಯೋಥೆರಪಿಸ್ಟರು ಕಲಿಸುವುದು.

ಮನೆಯಲ್ಲಿ ಈ ಲೆಕ್ಕದ ಬಿಸಿ ಹೆಚ್ಚು ತಟ್ಟುವುದು ನಡುವಿಗೆ. ತುಂಬಿದ ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಉಕ್ಕಿನ ಡಬ್ಬಿಯೂ ಸೇರಿದರೆ ಸುಮಾರು 30 ಕಿಲೋ. ಬೆನ್ನೆಲುಬಿನ ಹಿಂದೆ ಅದನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿನ ನಡುಬಿಂದುವಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಸೊಂಟ ಬಗ್ಗಿಸಿ, ಕೈ ಚಾಚಿ, 40 ಸೆಂಟಿಮೀಟರ್ ದೂರದಿಂದ ಸಿಲಿಂಡರ್ ಎತ್ತಿದರೆ ಅದರ ಪಾಲು 30 × 40, ಅಂದರೆ 1200. ಬಗ್ಗಿದ ಮೈಯ ಮೇಲ್ಭಾಗದ ತೂಕ 30 ಕಿಲೋ, ಅದು 25 ಸೆಂಟಿಮೀಟರ್ ಮುಂದಿದ್ದರೆ 750. ಒಟ್ಟು 1950ನ್ನು 5ರಿಂದ ಭಾಗಿಸಿ: ಸ್ನಾಯುಗಳು 390 ಕಿಲೋ ಬಲದಿಂದ ಎಳೆಯಬೇಕು, ಆ ಎಳೆತವೆಲ್ಲ ಡಿಸ್ಕಿನ ಮೇಲೆ ಅದುಮಾಗಿ ಬೀಳುತ್ತದೆ. ಕೆಲಸದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಯೋಷ್ ಸಂಸ್ಥೆ ಎಚ್ಚರದ ಗೆರೆ ಎಂದು ಗುರುತಿಸಿರುವುದು 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ. ಅದೇ ಸಿಲಿಂಡರನ್ನು ಮೈಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಮೈಯನ್ನು ಆದಷ್ಟು ನೆಟ್ಟಗಿಟ್ಟು ಎತ್ತಿದರೆ, ಅಂದರೆ ದೂರಗಳು 25 ಮತ್ತು 15 ಸೆಂಟಿಮೀಟರಿಗೆ ಇಳಿದರೆ, ಸ್ನಾಯುವಿನ ಬಲ 240 ಕಿಲೋಗೆ ಬರುತ್ತದೆ. ಸಿಲಿಂಡರ್ ಒಂದು ಗ್ರಾಮ್ ಕೂಡ ಹಗುರವಾಗಲಿಲ್ಲ, ನಡುವಿಗೆ 150 ಕಿಲೋ ಇಳಿಯಿತು.

‘ಬೆನ್ನು ಬಗ್ಗಿಸಬೇಡಿ, ಮಂಡಿ ಮಡಿಸಿ ಎತ್ತಿ’ ಎಂಬ ಸಲಹೆಯ ತಿರುಳೂ ಇಷ್ಟೇ. ಮಂಡಿ ಮಡಿಸಿದರೂ ಭಾರ ಮಂಡಿಯ ಆಚೆ ಉಳಿದರೆ ದೂರ ತಗ್ಗುವುದಿಲ್ಲ, ಲಾಭವೂ ಇಲ್ಲ. ಎರಡು ಕಾಲಿನ ನಡುವೆ ತಂದುಕೊಂಡರೆ ಉಂಟು. ನಯೋಷ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದರೂ ಒಬ್ಬರು ಎತ್ತುವ ಭಾರ 23 ಕಿಲೋ ಮೀರಬಾರದು, ಭಾರ ಮೈಯಿಂದ ದೂರವಾದಷ್ಟೂ ಆ ಮಿತಿ ಇಳಿಯುತ್ತಾ ಹೋಗುತ್ತದೆ. ನಮ್ಮಲ್ಲಿ ಸಿಮೆಂಟ್ ಚೀಲವೇ 50 ಕಿಲೋ. ಅದನ್ನು ಲಾರಿಯಿಂದ ಇಳಿಸುವ ಹಮಾಲರು ಚೀಲವನ್ನು ಕೈಯಲ್ಲಿ ಹಿಡಿಯುವುದಿಲ್ಲ, ಬೆನ್ನಿಗೋ ತಲೆಗೋ ಏರಿಸುತ್ತಾರೆ. ಭಾರ ತಗ್ಗಿಸುವುದು ಅವರ ಕೈಯಲ್ಲಿಲ್ಲ. ದೂರ ತಗ್ಗಿಸುವುದೊಂದೇ ಉಳಿದ ದಾರಿ.

ತಲೆಹೊರೆಯ ಜಾಣ್ಮೆ ಇಲ್ಲಿದೆ. ತಲೆಯ ಮೇಲಿನ ಕೊಡ ಬೆನ್ನೆಲುಬಿನ ನೇರಕ್ಕೆ ಕೂರುವುದರಿಂದ ತಿರುಗುಬಲ ಇಲ್ಲವೆನ್ನುವಷ್ಟು ಕಡಿಮೆ. ಸೊಂಟದ ಮೇಲಿಟ್ಟ ಕೊಡಕ್ಕೆ ಮೈಯನ್ನು ಇನ್ನೊಂದು ಬದಿಗೆ ವಾಲಿಸಬೇಕು, ಇಳಿಬಿಟ್ಟ ಕೈಯ ಬಕೆಟ್ಟಿಗೂ ಅಷ್ಟೇ. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಮ್ಮ ಮೈತೂಕದ ಐದನೇ ಒಂದು ಪಾಲಿನಷ್ಟು ಹೊರೆಯನ್ನು ತಲೆಯಲ್ಲೋ, ಹಣೆಗೆ ಕಟ್ಟಿದ ಪಟ್ಟಿಯಲ್ಲೋ ಹೊತ್ತು ನಡೆದಾಗ, ಬರಿಗೈಯಲ್ಲಿ ನಡೆದುದಕ್ಕಿಂತ ಹೆಚ್ಚಿನ ಆಮ್ಲಜನಕ ಅವರಿಗೆ ಬೇಕಾಗಿರಲಿಲ್ಲ. ಇದು ಬಾಲ್ಯದಿಂದ ಬಂದ ಅಭ್ಯಾಸದ ಫಲ, ಯಾರೂ ಎದ್ದವರೇ ತಲೆಗೆ ಹೊರೆ ಏರಿಸಿಕೊಂಡರೆ ಬರುವುದಲ್ಲ. ಶ್ರಮ ಉಳಿದರೂ ಕುತ್ತಿಗೆಯ ಮೂಳೆಗಳ ಮೇಲೆ ಹೊರೆ ಇದ್ದೇ ಇದೆ ಎಂಬುದನ್ನೂ ಮರೆಯುವ ಹಾಗಿಲ್ಲ.

ಇಲ್ಲೊಂದು ಪ್ರಶ್ನೆ ಏಳಬೇಕು. ಪ್ರತಿ ಚಲನೆಗೂ ಸ್ನಾಯುಗಳು ಇಷ್ಟು ದುಬಾರಿ ಬಲ ಹಾಕಬೇಕಾದರೆ ಮನುಷ್ಯ ದಿನವಿಡೀ ನಡೆಯುವುದು ಹೇಗೆ? ಮೇಲಿನ ಹೆಂಗಸರ ನಡಿಗೆಯಲ್ಲೇ ಉತ್ತರದ ಸುಳಿವಿದೆ. ನಡೆಯುವಾಗ ನೆಲಕ್ಕೆ ಊರಿದ ಕಾಲು ಹೆಚ್ಚುಕಡಿಮೆ ನೇರವಾಗಿರುತ್ತದೆ, ದೇಹ ಅದರ ಮೇಲೆ ತಲೆಕೆಳಗಾದ ಲೋಲಕದಂತೆ ಕಮಾನು ಬರೆಯುತ್ತಾ ದಾಟುತ್ತದೆ. ಕಮಾನಿನ ನೆತ್ತಿಗೆ ಏರುವಾಗ ವೇಗ ಸ್ವಲ್ಪ ತಗ್ಗಿ ಎತ್ತರವಾಗಿ ಕೂಡಿಕೊಳ್ಳುತ್ತದೆ, ಇಳಿಯುವಾಗ ಎತ್ತರ ಮತ್ತೆ ವೇಗವಾಗುತ್ತದೆ. ಹೀಗೆ ಒಂದು ಹೆಜ್ಜೆಯ ಶಕ್ತಿಯಲ್ಲಿ ದೊಡ್ಡ ಪಾಲು ಮುಂದಿನ ಹೆಜ್ಜೆಗೆ ಸಾಗುತ್ತದೆ, ಸ್ನಾಯು ಕೊರತೆಯನ್ನಷ್ಟೇ ತುಂಬಿಕೊಟ್ಟರೆ ಸಾಕು. ಕಾಲು ನೇರವಾಗಿದ್ದಷ್ಟೂ ಮಂಡಿಯ ಕೀಲು ಭಾರದ ಗೆರೆಗೆ ಹತ್ತಿರವಿರುತ್ತದೆ ಎಂಬುದು ಇನ್ನೊಂದು ಉಳಿತಾಯ. ಅರೆಮಂಡಿಯಲ್ಲಿ ಹತ್ತು ಹೆಜ್ಜೆ ನಡೆದು ನೋಡಿದರೆ ತೊಡೆ ಈ ಮಾತನ್ನು ವಿವರಿಸುತ್ತದೆ.

ಲೋಲಕಕ್ಕೆ ಒಂದು ವೇಗಮಿತಿಯೂ ಇದೆ. ಕಮಾನಿನ ಮೇಲೆ ಸಾಗುವ ದೇಹವನ್ನು ನೆಲಕ್ಕೆ ಹಿಡಿದಿಡುವುದು ಗುರುತ್ವ ಮಾತ್ರ. ವೇಗ ಹೆಚ್ಚಾದರೆ ಪಾದ ನೆಲ ಬಿಟ್ಟೇಳುತ್ತದೆ. ಕಾಲಿನ ಉದ್ದ 0.9 ಮೀಟರ್ ಇದ್ದವರಿಗೆ ಈ ಮಿತಿ ಲೆಕ್ಕದಲ್ಲಿ ಸೆಕೆಂಡಿಗೆ 3 ಮೀಟರ್. ಅದಕ್ಕೂ ಬಹಳ ಮುಂಚೆ, ಸೆಕೆಂಡಿಗೆ ಸುಮಾರು 2 ಮೀಟರ್, ಅಂದರೆ ಗಂಟೆಗೆ 7 ಕಿಲೋಮೀಟರ್ ಆಸುಪಾಸಿನಲ್ಲೇ ನಾವು ತಾನಾಗಿ ಓಟಕ್ಕೆ ಬದಲಾಗುತ್ತೇವೆ. ಮಿತಿ ಕಾಲಿನ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ, ಅರ್ಧದಷ್ಟು ಉದ್ದದ ಕಾಲಿರುವ ಮಗುವಿಗೆ ಗಂಟೆಗೆ 5 ಕಿಲೋಮೀಟರಿಗೇ ಓಟ ಶುರು. ಅಪ್ಪ ಬಿರುಸಾಗಿ ನಡೆದರೆ ಕೈ ಹಿಡಿದ ಮಗು ಪಕ್ಕದಲ್ಲಿ ಓಡುತ್ತಿರುತ್ತದೆ, ಅದು ಹುಡುಗಾಟವಲ್ಲ. ಚಂದ್ರನಲ್ಲಿ ಗುರುತ್ವ ಆರನೇ ಒಂದು ಪಾಲು, ಅಲ್ಲಿ ನಡಿಗೆ ಓಟವಾಗುವ ವೇಗ ಗಂಟೆಗೆ 3 ಕಿಲೋಮೀಟರಿಗೆ ಕುಸಿಯುತ್ತದೆ. ಅಪೋಲೊ ಗಗನಯಾತ್ರಿಗಳು ಚಿತ್ರಗಳಲ್ಲಿ ಕುಪ್ಪಳಿಸುತ್ತಾ ಸಾಗುವುದಕ್ಕೆ ದಪ್ಪ ಉಡುಪಿನ ಜೊತೆಗೆ ಈ ಲೆಕ್ಕವೂ ಕಾರಣ.

ಓಟದಲ್ಲಿ ಲೋಲಕದ ಉಳಿತಾಯ ಕೈಕೊಡುತ್ತದೆ. ಅಲ್ಲಿ ನೆರವಿಗೆ ಬರುವುದು ಸ್ಪ್ರಿಂಗು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಖಿಲೀಸ್ ಸ್ನಾಯುರಜ್ಜು ಪಾದ ನೆಲ ಮುಟ್ಟಿದಾಗ ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪಾದ ಏಳುವಾಗ ಹಿಂದಿರುಗಿಸುತ್ತದೆ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮೆಕ್‌ನೀಲ್ ಅಲೆಕ್ಸಾಂಡರ್ ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಓಟದ ಒಂದು ಹೆಜ್ಜೆಯಲ್ಲಿ ಕೈಬದಲಾಗುವ ಶಕ್ತಿಯ ಶೇ 35ರಷ್ಟನ್ನು ಈ ರಜ್ಜುವೂ, ಶೇ 17ರಷ್ಟನ್ನು ಅಂಗಾಲಿನ ಕಮಾನೂ ಹಿಡಿದಿಡುತ್ತವೆ. ಅರ್ಧದಷ್ಟು ಶಕ್ತಿಗೆ ಸ್ನಾಯು ಹೊಸದಾಗಿ ದುಡಿಯಬೇಕಾಗಿಲ್ಲ.

ಪೂರ್ಣವೇಗದ ಓಟಗಾರನ ಪಾದ ನೆಲದ ಮೇಲಿರುವುದು ಹೆಜ್ಜೆಗೆ ಸುಮಾರು 0.1 ಸೆಕೆಂಡ್. ಅಷ್ಟರಲ್ಲಿ ಮೈತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಒತ್ತಬೇಕು. ಕಾಲು ಬೀಸುವ ವೇಗಕ್ಕಿಂತ ಈ ಒತ್ತುವ ಬಲವೇ ಓಟಗಾರರನ್ನು ಬೇರ್ಪಡಿಸುತ್ತದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ 9.58ರ ಪಕ್ಕ ಇಟ್ಟು ದೇಶವೇ ಚರ್ಚಿಸಿತು. ಬೋಲ್ಟ್‌ಗೆ ಮುಂದಕ್ಕೆ ದೂಡುವ ಬಲವೆಲ್ಲ ಬಂದದ್ದು ತನ್ನ ಪಾದ ನೆಲವನ್ನು ಒತ್ತಿದ್ದರಿಂದ. ಕಂಬಳದ ಓಟಗಾರನಿಗೆ ಮುಂದಿನ ಎಳೆತದಲ್ಲಿ ಕೋಣಗಳ ಪಾಲಿದೆ, ಜೊತೆಗೆ ಕಾಲಡಿಯಲ್ಲಿ ಜಾರುವ ಕೆಸರಿದೆ. ಎರಡು ಬೇರೆ ಲೆಕ್ಕಗಳ ಉತ್ತರವನ್ನು ಒಂದೇ ಗಡಿಯಾರದಲ್ಲಿ ಓದುವುದು ಇಬ್ಬರಿಗೂ ಅನ್ಯಾಯ. ಕೋಣಗಳು ಎಳೆದರೂ ಆ ವೇಗಕ್ಕೆ ಕಾಲು ಕೂಡಿಸಿ, ಕೆಸರಿನಲ್ಲಿ ಬೀಳದೆ ಉಳಿಯುವುದು ಬೇರೆಯದೇ ಸಾಧನೆ.

ಇಷ್ಟನ್ನೂ ಓದಿದವರಿಗೆ ಕೀಲುಗಳ ಬಗ್ಗೆ ಮರುಕ ಹುಟ್ಟಬಹುದು. ವೇಗವೆಲ್ಲ ಕೈಕಾಲಿಗೆ, ಹೊರೆಯೆಲ್ಲ ಕೀಲಿಗೆ. ಹಾಗಾದರೆ ಕುಳಿತೇ ಇದ್ದು ಕೀಲನ್ನು ಉಳಿಸಿಕೊಳ್ಳೋಣವೇ? ಯಂತ್ರದ ಹೋಲಿಕೆ ದಾರಿ ತಪ್ಪಿಸುವುದು ಇಲ್ಲೇ. ಹೊರೆ ಬಿದ್ದಷ್ಟೂ ಯಂತ್ರ ಸವೆಯುತ್ತದೆ. ದೇಹ ಹೊರೆಯನ್ನು ಓದಿಕೊಂಡು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. 1860ರ ದಶಕದಲ್ಲಿ ಜ್ಯೂರಿಕ್ಕಿನ ಅಂಗರಚನಾ ಶಾಸ್ತ್ರಜ್ಞ ಹೆರ್ಮನ್ ಫಾನ್ ಮೇಯರ್ ತೊಡೆಮೂಳೆಯ ತಲೆಯನ್ನು ಸೀಳಿ ಅದರೊಳಗಿನ ಎಳೆಎಳೆ ಜಾಲರಿಯನ್ನು ತೋರಿಸಿದಾಗ, ಎಂಜಿನಿಯರ್ ಕಾರ್ಲ್ ಕುಲ್ಮನ್‌ಗೆ ಅದರಲ್ಲಿ ಕಂಡದ್ದು ತಾನು ಕ್ರೇನಿನ ಬಾಗಿದ ತೋಳಿಗೆ ಎಳೆದಿದ್ದ ಒತ್ತಡದ ಗೆರೆಗಳು. ಎಲ್ಲೆಲ್ಲಿ ಬಲ ಹರಿಯುತ್ತದೋ ಅಲ್ಲಲ್ಲಿ ಮೂಳೆ ಬೆಳೆದು, ಬಲವಿಲ್ಲದ ಕಡೆ ಕರಗುತ್ತದೆ ಎಂಬ ನಿಯಮವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ಪುಸ್ತಕವಾಗಿ ಬರೆದ. ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದಕ್ಕಿಂತ ದಪ್ಪ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಮೂಳೆಯ ಸಾಂದ್ರತೆ ಸೊಂಟದ ಭಾಗದಲ್ಲಿ ಕರಗುವುದರಿಂದ, ಗಗನಯಾತ್ರಿಗಳು ಅಲ್ಲಿ ದಿನವೂ ಕಸರತ್ತು ಮಾಡುತ್ತಾರೆ. ಮೂಳೆಯ ತುದಿಯನ್ನು ಹೊದಿಸಿದ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲು ಅದುಮಿ ಸಡಿಲಿದಾಗ ಒಳಹೊರಗೆ ಹರಿದಾಡುವ ದ್ರವದಿಂದಲೇ ಅದಕ್ಕೆ ಆಹಾರ ಸಿಗುವುದು. ಹೊರೆ ತಪ್ಪಿಸಿದರೆ ಅದರ ಊಟವೂ ತಪ್ಪುತ್ತದೆ.

ನೋವು ಎಲ್ಲಿಂದ, ಏಕೆ ಬರುತ್ತದೆ ಎಂಬುದನ್ನು ಸನ್ನೆಕೋಲು ಪೂರ್ತಿ ಹೇಳಲಾರದು. ಎಕ್ಸ್‌ರೇಯಲ್ಲಿ ಸವೆದು ಕಾಣುವ ಮಂಡಿ ಕೆಲವರಲ್ಲಿ ನೋಯುವುದೇ ಇಲ್ಲ, ಚೆನ್ನಾಗಿ ಕಾಣುವ ಮಂಡಿ ನೋಯುವುದೂ ಉಂಟು. ಅದನ್ನು ವೈದ್ಯರಿಗೆ ಬಿಡೋಣ. ಆದರೆ ಹೊರೆ ಎಲ್ಲಿ ಬೀಳುತ್ತದೆ, ಹೇಗೆ ತಗ್ಗುತ್ತದೆ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಗುಣಾಕಾರದಲ್ಲಿ ಎರಡು ಅಂಕಿಗಳಿವೆ, ಒಂದು ಭಾರ, ಇನ್ನೊಂದು ದೂರ. ಭಾರ ಅನೇಕ ಸಲ ನಮ್ಮ ಕೈಯಲ್ಲಿರುವುದಿಲ್ಲ. ಸಿಲಿಂಡರ್ ಇರುವಷ್ಟೇ ಇರುತ್ತದೆ, ಎತ್ತಿಕೊಳ್ಳಬೇಕಾದ ಮಗು ದಿನದಿಂದ ದಿನಕ್ಕೆ ಬೆಳೆಯುತ್ತದೆ. ದೂರ ಮಾತ್ರ ಯಾವಾಗಲೂ ನಮ್ಮದು. ಚೀಲವನ್ನು ಮೈಗೆ ಹತ್ತಿರ ತಂದುಕೊಳ್ಳಿ, ಮಗುವನ್ನು ಎದೆಗೆ ಒತ್ತಿ ಎತ್ತಿಕೊಳ್ಳಿ, ದೂರದ ಭಾರವನ್ನು ಎಳೆದುಕೊಂಡ ಮೇಲೆ ಎತ್ತಿ. ನಡೆಯುವುದನ್ನಂತೂ ನಿಲ್ಲಿಸಬೇಡಿ.